ಬಿಳಿ ಪಂಚೆ ಮತ್ತು ಒಂದೂವರೆ ಮೀಟರ್

ಪಾಸ್‌ಪೋರ್ಟ್ ಮಾಡಿಸೋದಕ್ಕೆ ಪಾಸ್‌ಪೋರ್ಟ್ ಸೈಜ್ ಫೋಟೊ ಬೇಕಿಲ್ಲ ಅಂದರೆ ಶ್ರೀರಂಗಪಟ್ಟಣದ ಪೇಟೆಯಲ್ಲಿ ನಂಬುವವರು ಕಡಿಮೆ. ಆದರೂ ಅದು ನಿಜ. 2010ರಲ್ಲಿ ಬೆಂಗಳೂರು ಮತ್ತು ಚಂಡೀಗಡದಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಪ್ರಯೋಗಕ್ಕೆಂದು ಶುರುವಾದಾಗಿನಿಂದ ಅರ್ಜಿದಾರರ ಫೋಟೊವನ್ನು ಕೌಂಟರಿನಲ್ಲೇ ತೆಗೆಯುತ್ತಾರೆ. ಬೆರಳಚ್ಚು ಕೊಟ್ಟ ಕೈಯಲ್ಲೇ ಅದೂ ಮುಗಿದುಹೋಗುತ್ತದೆ. ಅಂಚೆ ಕಚೇರಿಯೊಳಗೆ ಇಂಥ ಕೇಂದ್ರ ತೆರೆಯುವ ಯೋಜನೆ 2017ರ ಜನವರಿ 25ರಂದು ಎರಡೇ ಊರಿನಿಂದ ಹೊರಟಿತು. ಒಂದು ಗುಜರಾತಿನ ದಾಹೋದ್, ಇನ್ನೊಂದು ಹೊಳೆಯಾಚೆಯ ನಮ್ಮ ಮೈಸೂರು. ಹೀಗಿದ್ದೂ ಅರ್ಜಿ ಹಾಕುವವರು ಜೇಬಿನಲ್ಲಿ ಎಂಟು ಫೋಟೊಗಳ ಕವರ್ ಇಟ್ಟುಕೊಂಡೇ ಹೋಗುತ್ತಾರೆ, ಎಂಟನ್ನೂ ಹಾಗೇ ವಾಪಸ್ ತರುತ್ತಾರೆ. ಫೋಟೊ ಕೈಯಲ್ಲಿ ಹಿಡಿದು ಹೋಗಲೇಬೇಕಾದವರು ನಾಲ್ಕು ವರ್ಷ ತುಂಬದ ಮಕ್ಕಳು ಮಾತ್ರ. ಅವರಿಗೆ ಬಿಳಿ ಹಿನ್ನೆಲೆಯ, 4.5 ಸೆಂ.ಮೀ. ಎತ್ತರ, 3.5 ಸೆಂ.ಮೀ. ಅಗಲದ ಫೋಟೊ ಕೇಳುತ್ತಾರೆ.

ಹಾಗಾದರೆ ಮನೆಯಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆದುಕೊಳ್ಳುವ ತಾಪತ್ರಯ ಯಾಕೆ? ಕೌಂಟರಿನ ಕ್ಯಾಮೆರಾ ಆ ಒಂದು ಕೆಲಸಕ್ಕೆ ಮಾತ್ರ. ಮುಖ ಕೇಳುವ ಅರ್ಜಿಗಳು ಅದರಾಚೆ ನೂರೆಂಟಿವೆ. ವೀಸಾ ಇದೆ. ಹೊರದೇಶದಲ್ಲಿ ಕೂತು ಪಾಸ್‌ಪೋರ್ಟ್ ನವೀಕರಿಸುವವರಿದ್ದಾರೆ. ನೀಟ್ ಬರೆಯುವ ಹುಡುಗರಿದ್ದಾರೆ, ಅವರಿಗೆ ಪಾಸ್‌ಪೋರ್ಟ್ ಅಳತೆಯದಲ್ಲದೆ ನಾಲ್ಕು ಇಂಚು ಆರು ಇಂಚಿನ ಪೋಸ್ಟ್‌ಕಾರ್ಡ್ ಅಳತೆಯದೂ ಬೇಕು, ಕಿವಿ ಎರಡೂ ಕಾಣಬೇಕು. ಬ್ಯಾಂಕ್ ಖಾತೆ, ಸೊಸೈಟಿ ಸದಸ್ಯತ್ವ, ಹಾಸ್ಟೆಲ್ ಸೀಟು, ನಿವೃತ್ತರ ಪಿಂಚಣಿ ಕಾಗದಕ್ಕೆ ಗಂಡ-ಹೆಂಡತಿಯ ಜೋಡಿ ಫೋಟೊ, ಹಜ್ ಯಾತ್ರೆಯ ಅರ್ಜಿ, ಹೀಗೆ ಪಟ್ಟಿ ಬೆಳೆಯುತ್ತದೆ. ಇಷ್ಟಕ್ಕೆಲ್ಲ ಸ್ಟುಡಿಯೊ ಮೆಟ್ಟಿಲು ಹತ್ತಬೇಕೆ, ಕೈಯಲ್ಲಿರುವ ಫೋನ್ ಸಾಲದೆ ಎನ್ನುವುದು ಪ್ರಶ್ನೆ. ಸಾಕು ಎಂಬುದೇ ನನ್ನ ಉತ್ತರ. ಕ್ಯಾಮೆರಾ ಎಂದೋ ಅಗತ್ಯಕ್ಕಿಂತ ಒಳ್ಳೆಯದಾಗಿದೆ. ಕೆಡುವುದು ಬೆಳಕು, ದೂರ ಮತ್ತು ಫೋನಿನ ಅತಿ ಉಪಕಾರದಿಂದ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಹೆಚ್ಚಾಗಿ ಏಳುವುದು ಬಾಣಂತನದ ಹೊತ್ತಿಗೆ. ಪಾಂಡವಪುರದಲ್ಲೋ ಮೇಲುಕೋಟೆಯಲ್ಲೋ ಇರುವ ಅಪ್ಪ ಅಮ್ಮ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಡಬೇಕು. ಕೆ.ಆರ್. ಪೇಟೆ, ನಾಗಮಂಗಲದಿಂದ ಹಿಂದೆ ಬಾಂಬೆಗೆ ದುಡಿಯಲು ಹೋದವರಿಗೆ ಒಂದು ಟಿಕೆಟ್ಟು, ಒಬ್ಬ ನೆಂಟನ ವಿಳಾಸ ಸಾಕಿತ್ತು. ಯಾರೂ ಮುಖ ಕೇಳಲಿಲ್ಲ. ಈಗ ಅಳಿಯ ಅಲ್ಲಿಂದಲೇ ವೀಸಾ ಅರ್ಜಿ ತುಂಬುತ್ತಾನೆ, ಮಗಳು ರಾತ್ರಿ ಫೋನ್ ಮಾಡುತ್ತಾಳೆ: ‘ಅಪ್ಪಾಜಿ, ಅಮ್ಮುಂದೂ ನಿಂದೂ ಒಂದೊಂದ್ ಫೋಟೊ ತೆಗ್ದು ಕಳ್ಸು. ಗೋಡೆ ಬೆಳ್ಳಗಿರ್ಬೇಕು. ಅಮ್ಮನ್ ಕನ್ನಡ್ಕ ತೆಗ್ಸು.’ ಹೊಸದಾಗಿ ಬಣ್ಣ ಬಳಿಸಿದ ಮನೆ. ಹಾಲ್ ತಿಳಿ ಹಸಿರು, ಮಲಗುವ ಕೋಣೆ ಗುಲಾಬಿ, ದೇವರಮನೆ ಹಳದಿ. ಮನೆಯಲ್ಲಿ ಬೆಳ್ಳಗಿರುವುದು ಫ್ರಿಜ್ಜಿನ ಬಾಗಿಲು ಒಂದೇ.

ಕನ್ನಡಕದ ಮಾತು ಮಗಳ ಕಲ್ಪನೆಯಲ್ಲ. ಅಮೆರಿಕ 2016ರ ನವೆಂಬರ್ 1ರಿಂದ ವೀಸಾ ಮತ್ತು ಪಾಸ್‌ಪೋರ್ಟ್ ಫೋಟೊಗಳಲ್ಲಿ ಕನ್ನಡಕವನ್ನು ನಿಷೇಧಿಸಿದೆ; ವೈದ್ಯಕೀಯ ಕಾರಣವಿದ್ದರೆ ಮಾತ್ರ ಬೇರೆ ಮಾತು. ಫೋಟೊ ಎರಡು ಇಂಚು ಚೌಕ. ಗಲ್ಲದ ತುದಿಯಿಂದ ನೆತ್ತಿಯವರೆಗೆ ತಲೆ 25ರಿಂದ 35 ಮಿಲಿಮೀಟರ್. ಆನ್‌ಲೈನ್ ಹಾಕುವುದಾದರೆ ಪ್ರತಿ ಬದಿಗೆ 600ರಿಂದ 1200 ಪಿಕ್ಸೆಲ್, ಕಡತ 240 ಕಿಲೋಬೈಟ್ ಮೀರಬಾರದು, ಆರು ತಿಂಗಳೊಳಗಿನ ಮುಖವಾಗಿರಬೇಕು. ಯುರೋಪಿನ ಷೆಂಗೆನ್ ದೇಶಗಳಿಗೆ ಚೌಕವಲ್ಲ, 35ಕ್ಕೆ 45 ಮಿಲಿಮೀಟರ್. ಕೆನಡಾ ತನ್ನ ಪಾಸ್‌ಪೋರ್ಟಿಗೆ 50ಕ್ಕೆ 70 ಎನ್ನುತ್ತದೆ. ಬ್ರಿಟನ್ನಿನಲ್ಲಿ ಹಿನ್ನೆಲೆ ಅಚ್ಚ ಬಿಳಿಯಲ್ಲ, ಕೆನೆ ಬಣ್ಣವೋ ತಿಳಿ ಬೂದಿಯೋ ಆಗಬೇಕು. ಒಂದೇ ಫೋಟೊ ತೆಗೆಸಿಟ್ಟುಕೊಂಡು ಎಲ್ಲಕ್ಕೂ ಅಂಟಿಸುವ ನಮ್ಮ ಹಳೆಯ ಅಭ್ಯಾಸ ಮುಗ್ಗರಿಸುವುದು ಇಲ್ಲೇ.

ಹೊರದೇಶದಲ್ಲಿರುವ ಭಾರತೀಯರಿಗೆ ಈಚೆಗೆ ಒಂದು ಬದಲಾವಣೆಯಾಗಿದೆ. 2025ರ ಸೆಪ್ಟೆಂಬರ್ 1ರಿಂದ ನಮ್ಮ ರಾಯಭಾರ ಕಚೇರಿಗಳು ಪಾಸ್‌ಪೋರ್ಟ್ ಅರ್ಜಿಗೆ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಯ ಮಾನದಂಡಕ್ಕೆ ಒಪ್ಪುವ ಫೋಟೊವನ್ನೇ ಕೇಳುತ್ತಿವೆ. 630ಕ್ಕೆ 810 ಪಿಕ್ಸೆಲ್, ಬಿಳಿ ಹಿನ್ನೆಲೆ, ಚಿತ್ರದ ಶೇಕಡಾ 80ರಿಂದ 85 ಭಾಗ ಮುಖವೇ ಇರಬೇಕು, ಬಾಯಿ ಮುಚ್ಚಿರಬೇಕು, ಒಂದೂವರೆ ಮೀಟರ್ ದೂರದಿಂದ ತೆಗೆದಿರಬೇಕು. 630ಕ್ಕೆ 810 ಅಂದರೆ 7ಕ್ಕೆ 9. 35ಕ್ಕೆ 45 ಮಿಲಿಮೀಟರ್ ಅಂದರೂ ಅದೇ. ಅಲ್ಲಿಯವರೆಗೆ ಅಮೆರಿಕದಲ್ಲಿದ್ದವರು ಅಂಗಡಿಯಲ್ಲಿ ಎರಡಿಂಚು ಚೌಕದ ಫೋಟೊ ತೆಗೆಸಿ ಕಳಿಸುತ್ತಿದ್ದರು. ಅಲ್ಲಿನ ಔಷಧಿ ಅಂಗಡಿಯ ಕ್ಯಾಮೆರಾಗೆ ಗೊತ್ತಿರುವುದು ಆ ಚೌಕವೇ. ನಮ್ಮ ಅಳತೆ ಬೇಕೆಂದರೆ ಮನೆಯ ಗೋಡೆಯೇ ಗತಿ ಎನ್ನುವಂತಾಗಿ, ಮನೆ ಫೋಟೊ ಅಲ್ಲಿನ ಕನ್ನಡ ಕುಟುಂಬಗಳಿಗೆ ದಿನನಿತ್ಯದ ವಿದ್ಯೆಯಾಗಿದೆ.

ಇದೆಲ್ಲ ಹೊಸ ಕಾಲದ ಉಪದ್ವ್ಯಾಪ ಅನ್ನಿಸಬಹುದು. ಇತಿಹಾಸ ಬೇರೆ ಕಥೆ ಹೇಳುತ್ತದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಪಾಸ್‌ಪೋರ್ಟಿನಲ್ಲಿ ಫೋಟೊವೇ ಇರಲಿಲ್ಲ. ಎತ್ತರ, ಹಣೆ, ಮೂಗು, ಗಲ್ಲವನ್ನು ಮಾತಿನಲ್ಲಿ ಬರೆಯುವುದಿತ್ತು. ಕಾರ್ಲ್ ಹಾನ್ಸ್ ಲೋಡಿ ಎಂಬ ಜರ್ಮನ್ ಗೂಢಚಾರ ಬೇರೊಬ್ಬರ ಅಮೆರಿಕನ್ ಪಾಸ್‌ಪೋರ್ಟ್ ಹಿಡಿದು ಬ್ರಿಟನ್ನಿನಲ್ಲಿ ಓಡಾಡಿ, ಸಿಕ್ಕಿಬಿದ್ದು, 1914ರ ನವೆಂಬರಿನಲ್ಲಿ ಲಂಡನ್ ಗೋಪುರದಲ್ಲಿ ಗುಂಡಿಗೆ ಬಲಿಯಾದ. ಆ ವರ್ಷದ ಕೊನೆಗೆ ಅಮೆರಿಕ, 1915ರಲ್ಲಿ ಬ್ರಿಟನ್, ಫೋಟೊ ಕಡ್ಡಾಯ ಮಾಡಿದವು. ಆದರೆ ಅಳತೆ, ಹಿನ್ನೆಲೆಯ ಕಟ್ಟುನಿಟ್ಟು ಆಗಿನ್ನೂ ಬಂದಿರಲಿಲ್ಲ. ಟೋಪಿ ಹಾಕಿದವರು, ತೋಟದಲ್ಲಿ ನಿಂತವರು, ಮನೆಮಂದಿಯೆಲ್ಲ ಒಟ್ಟಿಗೆ ಕೂತವರು, ಎಲ್ಲರ ಫೋಟೊಗಳೂ ನಡೆಯುತ್ತಿದ್ದವು. ಅಂದರೆ ಮೊದಲು ಬಂದದ್ದು ಮನೆಯ ಫೋಟೊ. ಸ್ಟುಡಿಯೊದ ಬಿಳಿ ಪರದೆ ಆಮೇಲೆ ಬಂತು.

ಶ್ರೀರಂಗಪಟ್ಟಣದಿಂದ ಹೊರದೇಶಕ್ಕೆ ಹೋದವರ ಚಿತ್ರಗಳಲ್ಲಿ ಅತ್ಯಂತ ಹೆಸರಾದದ್ದಂತೂ ಇಂದಿನ ಯಾವ ನಿಯಮಕ್ಕೂ ಒಗ್ಗುವುದಿಲ್ಲ. ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಬಳಿಗೆ ತಲುಪಿದ್ದರು. ಅವರಲ್ಲಿ ಮಹಮ್ಮದ್ ದರ್ವೇಶ್ ಖಾನನ ಆಳೆತ್ತರದ ಚಿತ್ರವನ್ನು ಎಲಿಜಬೆತ್ ವಿಜೆ ಲೆ ಬ್ರುನ್ ಬರೆದಳು. ಕತ್ತಿ ಹಿಡಿದು ನಿಂತ ಭಂಗಿ, ತಲೆಗೆ ರುಮಾಲು, ಬಿಳಿ ಮಸ್ಲಿನ್ ಉಡುಪು, ನೇರ ನೋಟವೂ ಅಲ್ಲ. ಚಿತ್ರ ಮುಗಿದ ಮೇಲೆ ಆತ ಅದನ್ನು ಮಂಚದ ಹಿಂದೆ ಬಚ್ಚಿಟ್ಟು, ಇದಕ್ಕೊಂದು ಜೀವಾತ್ಮ ಬೇಕು ಎಂದು ಕೊಡದೆ ಕೂತನಂತೆ. ಕಲಾವಿದೆ ತನ್ನ ನೆನಪಿನ ಪುಸ್ತಕದಲ್ಲಿ ಹಾಗೆ ಬರೆದುಕೊಂಡಿದ್ದಾಳೆ. 2019ರಲ್ಲಿ ಸೋದ್‌ಬೀಸ್ ಹರಾಜಿನಲ್ಲಿ ಆ ಚಿತ್ರ 70 ಲಕ್ಷ ಡಾಲರಿಗೂ ಮೇಲೆ ಹೋಯಿತು. ಇಂದಿನ ವೀಸಾ ಅರ್ಜಿಗೆ ಅದನ್ನು ಹಾಕಿದರೆ ಮೊದಲ ಸುತ್ತಿನಲ್ಲೇ ತಿರಸ್ಕೃತ.

ಈಗ ಕೆಲಸಕ್ಕೆ ಬರೋಣ. ಮೊದಲು ಬೆಳಕು. ಟ್ಯೂಬ್‌ಲೈಟ್ ಕೆಳಗೆ ನಿಂತರೆ ಕಣ್ಣಗುಳಿಯಲ್ಲಿ, ಗಲ್ಲದ ಕೆಳಗೆ ನೆರಳು ಬೀಳುತ್ತದೆ. ಫ್ಲಾಷ್ ಹಾಕಿದರೆ ಮುಖ ಎಣ್ಣೆ ಹಚ್ಚಿದಂತಾಗಿ ಮೂಗುಬಟ್ಟಿನ ಹರಳು ಮಿಂಚುತ್ತದೆ, ಗೋಡೆಯ ಮೇಲೆ ತಲೆಯ ಗಾಢ ನೆರಳು ಮೂಡುತ್ತದೆ. ಬೇಕಾದದ್ದು ಹಗಲಿನ ಹರಡಿದ ಬೆಳಕು, ಅದೂ ಮುಖಕ್ಕೆ ಎದುರಾಗಿ. ಹತ್ತೊಂಬತ್ತನೇ ಶತಮಾನದ ಸ್ಟುಡಿಯೊಗಳು ಉತ್ತರ ದಿಕ್ಕಿಗೆ ಗಾಜಿನ ಮಾಡು ಇಟ್ಟುಕೊಳ್ಳುತ್ತಿದ್ದದ್ದು ಇದೇ ಕಾರಣಕ್ಕೆ. ಹಳೆಯ ತೊಟ್ಟಿ ಮನೆ ಇನ್ನೂ ಉಳಿಸಿಕೊಂಡವರು ಪುಣ್ಯವಂತರು. ತೊಟ್ಟಿಯ ನಡುವೆ ನಿಲ್ಲಬಾರದು, ಅಲ್ಲಿ ಬೆಳಕು ನೆತ್ತಿಯ ಮೇಲೆ ಬೀಳುತ್ತದೆ. ಪಡಸಾಲೆಯಲ್ಲಿ ಕಂಬದಿಂದ ನಾಲ್ಕಡಿ ಒಳಗೆ, ತೊಟ್ಟಿಗೆ ಮುಖ ಮಾಡಿ ನಿಂತರೆ ಬೆಳಕು ಹಣೆಯಿಂದ ಗಲ್ಲದವರೆಗೆ ಒಂದೇ ಸಮ ಬರುತ್ತದೆ. ತೊಟ್ಟಿ ಇಲ್ಲದವರಿಗೆ ಬೀದಿ ಬಾಗಿಲಿದೆ. ಬಾಗಿಲು ಪೂರ್ತಿ ತೆರೆದು, ಬಿಸಿಲು ನೇರವಾಗಿ ಬೀಳದ ಹೊತ್ತಿನಲ್ಲಿ, ಹೊರಗೆ ನೋಡುತ್ತ ನಿಲ್ಲುವುದು. ಫೋಟೊ ತೆಗೆಯುವವರು ಜಗುಲಿಯ ಮೇಲೆ ನಿಲ್ಲಲಿ, ಆದರೆ ಅವರ ಮೈ ಬೆಳಕಿಗೆ ಅಡ್ಡ ಬರದಿರಲಿ.

ಗೋಡೆಯ ಪ್ರಶ್ನೆಗೆ ನಮ್ಮಲ್ಲಿ ಸುಲಭದ ಉತ್ತರ ಪಂಚೆ. ಮೇಲುಕೋಟೆ ಪಂಚೆ ನೇಯ್ಗೆಗೆ ಹೆಸರಾದ ಊರು. ಆ ಕಡೆ ಮನೆಯಲ್ಲಿ ಬಿಳಿ ಪಂಚೆಗೆ ಬರವಿಲ್ಲ. ಹಾಗೇ ಒಂದು ಪದರ ಇಳಿಬಿಟ್ಟರೆ ಹಿಂದಿನ ಹಸಿರು ಗೋಡೆ ಅದರೊಳಗಿಂದ ಇಣುಕುತ್ತದೆ, ಆದ್ದರಿಂದ ಎರಡು ಮಡಿಕೆ ಮಾಡಬೇಕು, ಅಂಚನ್ನು ಹೊರಗೆ ಬಿಡಬೇಕು. ಇಸ್ತ್ರಿ ಮಾಡದೆ ಕಟ್ಟಿದರೆ ಮಡಿಕೆಯ ಗೆರೆಗಳೆಲ್ಲ ಫೋಟೊದಲ್ಲಿ ಬೂದು ಪಟ್ಟೆಗಳಾಗಿ ಕಾಣುತ್ತವೆ. ಕಿಟಕಿ ಸರಳಿಗೆ ಬಟ್ಟೆ ಕ್ಲಿಪ್ ಹಾಕಿ, ಕೆಳಗಿನ ತುದಿಗೆ ಭಾರ ಕಟ್ಟಿ ಬಿಗಿಯಾಗಿ ಎಳೆಯುವುದು ಸರಿ. ನಿಲ್ಲುವವರು ಪಂಚೆಗೆ ಒರಗಿಕೊಳ್ಳಬಾರದು. ಎರಡು ಮೂರು ಅಡಿ ಮುಂದೆ ಬಂದರೆ ನೆರಳು ಬಟ್ಟೆಯ ಮೇಲೆ ಬೀಳದೆ ನೆಲಕ್ಕೆ ಹೋಗುತ್ತದೆ.

ಪಂಚೆ ಬಿಳಿ, ಮಂಡ್ಯದ ಗಂಡಸರ ಅಂಗಿಯೂ ಬಿಳಿ. ಅಲ್ಲೇ ಎಡವಟ್ಟು. ಬಿಳಿ ಅಂಗಿ ಬಿಳಿ ಹಿನ್ನೆಲೆಯಲ್ಲಿ ಕರಗಿ, ಹೆಗಲು ಎಲ್ಲಿ ಮುಗಿಯಿತು ಎಂದು ತಿಳಿಯದೆ, ತಲೆಯೊಂದೇ ಗಾಳಿಯಲ್ಲಿ ತೇಲುತ್ತದೆ. ಕಡು ನೀಲಿ, ಕಂದು, ಕಡು ಹಸಿರು ಯಾವುದಾದರೂ ಸರಿ. ಹೆಂಗಸರಿಗೆ ಸೆರಗಿನ ಜರಿ ಹೆಗಲ ಮೇಲೆ ಮಿನುಗದಂತೆ ನೋಡಿಕೊಂಡರಾಯಿತು. ಧಾರ್ಮಿಕ ಕಾರಣಕ್ಕೆ ತಲೆ ಮುಚ್ಚುವವರಿಗೆ ಭಾರತವೂ ಅಮೆರಿಕವೂ ಅವಕಾಶ ಕೊಟ್ಟಿವೆ, ಆದರೆ ಗಲ್ಲದ ತುದಿಯಿಂದ ಹಣೆಯ ಮೇಲಿನವರೆಗೆ, ಮುಖದ ಎರಡೂ ಅಂಚು ಪೂರ್ತಿ ಕಾಣಬೇಕು, ಬಟ್ಟೆಯ ನೆರಳೂ ಮುಖದ ಮೇಲೆ ಬೀಳಬಾರದು. ಹಲ್ಲಿನ ಸೆಟ್ ಹಾಕುವ ಹಿರಿಯರು ದಿನಾ ಹೇಗಿರುತ್ತಾರೋ ಹಾಗೇ ಇರಲಿ. ಸೆಟ್ ತೆಗೆದರೆ ಗಲ್ಲದ ಆಕಾರವೇ ಬೇರೆ, ವಿಮಾನ ನಿಲ್ದಾಣದಲ್ಲಿ ಕಷ್ಟ.

ದೂರದ ಮಾತು ಸ್ವಲ್ಪ ವಿವರ ಕೇಳುತ್ತದೆ, ಏಕೆಂದರೆ ಮನೆ ಫೋಟೊಗಳಲ್ಲಿ ಹೆಚ್ಚು ಕೆಡುವುದು ಇಲ್ಲಿ. ಕೈ ಚಾಚಿ ತೆಗೆದ ಸೆಲ್ಫಿಯಲ್ಲಿ ಕ್ಯಾಮೆರಾಗೂ ಮೂಗಿನ ತುದಿಗೂ ಇರುವ ಅಂತರ ಕಿವಿಗಿರುವ ಅಂತರಕ್ಕಿಂತ ಸಾಕಷ್ಟು ಕಡಿಮೆ. ಆದ್ದರಿಂದ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. 2018ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಲೆಕ್ಕ ಹಾಕಿ ತೋರಿಸಿದರು: ಐದು ಅಡಿ ದೂರದಿಂದ ತೆಗೆದದ್ದಕ್ಕೆ ಹೋಲಿಸಿದರೆ ಒಂದಡಿ ದೂರದ ಸೆಲ್ಫಿಯಲ್ಲಿ ಮೂಗಿನ ಬುಡ ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ. ಐದು ಅಡಿ ಅಂದರೆ ಒಂದೂವರೆ ಮೀಟರ್. ರಾಯಭಾರ ಕಚೇರಿ ಕೇಳುವ ದೂರವೂ ಅಷ್ಟೇ. ಸೆಲ್ಫಿಗೆ ಇನ್ನೊಂದು ದೋಷವಿದೆ. ಕೆಲವು ಫೋನುಗಳು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಉಳಿಸುತ್ತವೆ. ಎಡಗೆನ್ನೆಯ ಮಚ್ಚೆ ಬಲಕ್ಕೆ ಬರುತ್ತದೆ. ಹೀಗಾಗಿ ಹಿಂಬದಿಯ ಕ್ಯಾಮೆರಾ, ಹಿಡಿಯಲು ಇನ್ನೊಬ್ಬರು, ಲೆನ್ಸ್ ಕಣ್ಣಿನ ಮಟ್ಟಕ್ಕೆ. ಮೊಮ್ಮಗನಿಗೆ ಫೋನ್ ಕೊಟ್ಟರೆ ಅವನು ಕೆಳಗಿನಿಂದ ತೆಗೆಯುತ್ತಾನೆ, ಮೂಗಿನ ಹೊಳ್ಳೆಯೇ ಪ್ರಧಾನವಾಗುತ್ತದೆ. ಅವನನ್ನು ಸ್ಟೂಲ್ ಮೇಲೆ ಹತ್ತಿಸಿ ನಿಲ್ಲಿಸಿ. ಹತ್ತಿರ ಬರಲು ಹೋಗದೆ ಸುತ್ತ ಜಾಗ ಬಿಟ್ಟು ತೆಗೆದು, ಆಮೇಲೆ ಕತ್ತರಿಸಿದರಾಯಿತು. ಇಂದಿನ ಸಾಧಾರಣ ಫೋನಿನ ಚಿತ್ರದಲ್ಲೂ ಕತ್ತರಿಸಿ ಉಳಿಯುವ ಪಿಕ್ಸೆಲ್ ಬೇಕಾದದ್ದಕ್ಕಿಂತ ಹೆಚ್ಚೇ ಇರುತ್ತದೆ.

ಫೋನ್ ತಾನಾಗಿ ಮಾಡುವ ಉಪಕಾರಗಳನ್ನು ಒಂದೊಂದಾಗಿ ಆರಿಸಬೇಕು. ಚರ್ಮ ನುಣುಪು ಮಾಡುವ ಬ್ಯೂಟಿ ಮೋಡ್, ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಎರಡೂ ಬೇಡ. ಎರಡನೆಯದು ಕಿವಿಯ ಅಂಚು, ಕೆದರಿದ ಕೂದಲನ್ನು ಹಿನ್ನೆಲೆಯೊಳಗೆ ನುಂಗಿಬಿಡುತ್ತದೆ. ಇನ್ನೊಂದು, ಬಿಳಿ ಬಟ್ಟೆ ತುಂಬ ಕಂಡ ಕ್ಯಾಮೆರಾ ‘ಬೆಳಕು ಜಾಸ್ತಿಯಾಯಿತು’ ಎಂದು ತಾನೇ ಲೆಕ್ಕ ಹಾಕಿ ಇಡೀ ಚಿತ್ರವನ್ನು ಮಂಕು ಮಾಡುತ್ತದೆ. ಬಿಳಿ ಬೂದಿಯಾಗುತ್ತದೆ, ಕಪ್ಪು ಮೈಬಣ್ಣದ ಮುಖ ಇನ್ನೂ ಕಪ್ಪಾಗಿ ಕಣ್ಣು ಮೂಗು ಬೇರೆಯಾಗಿ ಕಾಣುವುದಿಲ್ಲ. ಪರದೆಯ ಮೇಲೆ ಮುಖದ ಜಾಗವನ್ನು ಬೆರಳಿನಿಂದ ಒತ್ತಿದರೆ ಲೆಕ್ಕ ಮುಖಕ್ಕೆ ಬದಲಾಗುತ್ತದೆ, ಪಕ್ಕದಲ್ಲೇ ಬರುವ ಸೂರ್ಯನ ಗುರುತನ್ನು ಚೂರು ಮೇಲಕ್ಕೆ ಎಳೆದರೆ ಮುಖ ತಿಳಿಯಾಗುತ್ತದೆ. ಹೊಲದಲ್ಲಿ ಬಿಸಿಲಿಗೆ ಮೈ ಒಡ್ಡಿದ ನಮ್ಮ ಜನಕ್ಕೆ ಇಷ್ಟು ಗೊತ್ತಿದ್ದರೆ ಅರ್ಧ ಸಮಸ್ಯೆ ಮುಗಿದಂತೆ.

ಅರ್ಧವೇ ಏಕೆಂದರೆ ಉಳಿದದ್ದು ನಮ್ಮ ಕೈಯಲ್ಲಿಲ್ಲ. ಫೋಟೊವನ್ನು ಮೊದಲು ನೋಡುವುದು ಗುಮಾಸ್ತನಲ್ಲ, ಯಂತ್ರ. ಆ ಯಂತ್ರಕ್ಕೂ ಪಕ್ಷಪಾತವಿದೆ. ಬ್ರಿಟನ್ನಿನ ಆನ್‌ಲೈನ್ ಪಾಸ್‌ಪೋರ್ಟ್ ತಪಾಸಣೆಯನ್ನು ಬಿಬಿಸಿ 2020ರಲ್ಲಿ ಸಾವಿರಕ್ಕೂ ಹೆಚ್ಚು ರಾಜಕಾರಣಿಗಳ ಫೋಟೊ ಹಾಕಿ ಪರೀಕ್ಷಿಸಿತು. ಕಪ್ಪು ಮೈಬಣ್ಣದ ಹೆಂಗಸರ ಫೋಟೊಗಳಲ್ಲಿ ಶೇಕಡಾ 22ಕ್ಕೆ ಗುಣಮಟ್ಟ ಸಾಲದೆಂಬ ಉತ್ತರ ಬಂತು. ಬಿಳಿಯ ಗಂಡಸರಲ್ಲಿ ಅದು ಶೇಕಡಾ 9. ನ್ಯೂಜಿಲೆಂಡಿನಲ್ಲಿ 2016ರಲ್ಲಿ ಏಷ್ಯಾ ಮೂಲದ ಯುವಕನೊಬ್ಬನಿಗೆ ‘ಕಣ್ಣು ಮುಚ್ಚಿದ್ದೀರಿ’ ಎಂದು ಯಂತ್ರ ಫೋಟೊ ವಾಪಸ್ ಕಳಿಸಿತು, ಅವನ ಕಣ್ಣು ತೆರೆದೇ ಇತ್ತು. ಆದ್ದರಿಂದ ಒಮ್ಮೆ ತಿರಸ್ಕೃತವಾದರೆ ತಪ್ಪು ನಮ್ಮದೇ ಎಂದುಕೊಂಡು ಮುಖ ಬೆಳ್ಳಗೆ ಮಾಡಿಸಲು ಓಡಬೇಕಿಲ್ಲ. ಬೆಳಕು ಸರಿಮಾಡಿ ಮತ್ತೆ ತೆಗೆಯುವುದೇ ದಾರಿ.

ಬೆಳ್ಳಗೆ ಮಾಡಿಸುವ ಮಾತು ಬಂದದ್ದರಿಂದ ಸ್ಟುಡಿಯೊಗಳ ಬಗ್ಗೆ ಎರಡು ಮಾತು. ಫಿಲ್ಮ್ ಕಾಲದ ಸ್ಟುಡಿಯೊ ಬೇರೆಯೇ ಲೋಕ. ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ, ಗೂಟಕ್ಕೆ ನೇತುಹಾಕಿದ ಎಲ್ಲರ ಮೈಗೂ ಸಲ್ಲುವ ಕಪ್ಪು ಕೋಟು. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ಸಿಡುಬಿನ ಕಲೆ ಅಳಿಸುವ ಕೈಚಳಕ, ಎರಡು ದಿನ ಬಿಟ್ಟು ಬನ್ನಿ ಎನ್ನುವ ಗತ್ತು. ಈಗ ಹತ್ತು ನಿಮಿಷದ ಕೆಲಸ. ಕೋಟೂ ಫೋಟೊಶಾಪಿನಲ್ಲೇ ಇದೆ: ಬನಿಯನ್‌ನಲ್ಲಿ ಬಂದ ಹುಡುಗನಿಗೂ ಟೈ ಸಮೇತ ಕೋಟು ತೊಡಿಸಿ ಕಳಿಸುತ್ತಾರೆ. ಮುಖಕ್ಕೆ ಎರಡು ಸುತ್ತು ಬಿಳುಪು, ಕೂದಲಿಗೆ ಕಪ್ಪು, ಹಿನ್ನೆಲೆಗೆ ಕೇಳಿದ ಬಣ್ಣ. ಶಾಲೆ, ಬ್ಯಾಂಕಿಗೆ ಇದರಿಂದ ನಷ್ಟವಿಲ್ಲ. ವೀಸಾಗೆ ಮಾತ್ರ ಈ ಪ್ರೀತಿಯೇ ಮುಳುವು. ಅಮೆರಿಕದ ವಿದೇಶಾಂಗ ಇಲಾಖೆ ಸಾಫ್ಟ್‌ವೇರ್, ಆ್ಯಪ್, ಫಿಲ್ಟರ್, ಕೃತಕ ಬುದ್ಧಿಮತ್ತೆ ಯಾವುದರಿಂದಲೂ ಮುಖ ತಿದ್ದಬಾರದು ಎಂದು ನೇರವಾಗಿ ಹೇಳಿದೆ. ಸ್ಟುಡಿಯೊಗೆ ಹೋದರೆ ‘ಅಣ್ಣ, ಏನೂ ಟಚ್ ಮಾಡ್ಬೇಡಿ, ವೀಸಾಗೆ’ ಎಂದು ಮೊದಲೇ ಹೇಳಬೇಕು. ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ, ಆದರೂ ಹೇಳಿ.

ಹಾಗಂತ ಸ್ಟುಡಿಯೊ ಕಾಲ ಮುಗಿಯಿತೆನ್ನುವವರ ಮಾತು ನಾನು ಒಪ್ಪುವುದಿಲ್ಲ. ಚಿತ್ರ ಮನೆಯಲ್ಲಿ, ಮುದ್ರಣ ಅಂಗಡಿಯಲ್ಲಿ ಎನ್ನುವ ಹಂಚಿಕೆಯೇ ವ್ಯಾವಹಾರಿಕ. ಮನೆಯ ಪ್ರಿಂಟರಿನ ಸಾದಾ ಕಾಗದದ ಫೋಟೊ ಬೆವರು ಕೈ ತಾಗಿದರೆ ಮಸಿ ಬಿಡುತ್ತದೆ. ಅಂಗಡಿಯ ಫೋಟೊ ಕಾಗದ ಹಾಗಲ್ಲ. ನಾಲ್ಕು ಇಂಚು ಆರು ಇಂಚಿನ ಒಂದು ಹಾಳೆಯಲ್ಲಿ 35ಕ್ಕೆ 45ರ ಎಂಟು ಫೋಟೊ ಕೂರುತ್ತವೆ, ಎರಡಿಂಚು ಚೌಕದವು ಆರು. ಪ್ರತಿ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಮೊದಲಿನದಕ್ಕೆ ಬೇಕಾದದ್ದು ಸುಮಾರು 413ಕ್ಕೆ 531 ಪಿಕ್ಸೆಲ್, ಎರಡನೆಯದಕ್ಕೆ 600ಕ್ಕೆ 600. ಅಂಗಡಿಗೆ ಕಳಿಸುವಾಗ ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲವೇ ಹೋಗುತ್ತದೆ. ಅಂಗಡಿಯವರಿಗೆ ‘ಫಿಟ್ ಮಾಡ್ಬೇಡಿ, ಅಳತೆ ಹಾಗೇ ಇರ್ಲಿ’ ಎಂದು ಹೇಳಿ, ಕೈಗೆ ಬಂದ ಮೇಲೆ ಸ್ಕೇಲ್ ಇಟ್ಟು ನೋಡಿ. ಅಳತೆ ಕತ್ತರಿಸಿಕೊಡುವ ಉಚಿತ ಸಲಕರಣೆ ಅಮೆರಿಕದ ವಿದೇಶಾಂಗ ಇಲಾಖೆಯ ತಾಣದಲ್ಲೇ ಇದೆ. ‘ನೂರಕ್ಕೆ ನೂರು ಪಾಸ್’ ಎಂದು ಭರವಸೆ ಕೊಟ್ಟು ದುಡ್ಡನ್ನೂ ಮುಖವನ್ನೂ ಕೇಳುವ ಆ್ಯಪ್‌ಗಳಿಗೆ ಅಮ್ಮನ ಮುಖ ಒಪ್ಪಿಸುವ ಮುಂಚೆ ಎರಡು ಸಲ ಯೋಚಿಸುವುದು ಒಳ್ಳೆಯದು. ಪಾಸು ಮಾಡುವವರು ಅವರಲ್ಲ.

ಇಷ್ಟರ ನಡುವೆ ಜಗತ್ತು ಎರಡು ದಿಕ್ಕಿಗೆ ಎಳೆಯುತ್ತಿದೆ. ಬ್ರಿಟನ್, ಅಮೆರಿಕ ಮನೆಯಲ್ಲಿ ತೆಗೆದದ್ದನ್ನು ಆನ್‌ಲೈನ್ ಸ್ವೀಕರಿಸುತ್ತವೆ. ಜರ್ಮನಿ ಬಾಗಿಲು ಹಾಕಿಕೊಂಡಿದೆ. 2025ರ ಮೇ 1ರಿಂದ ಅಲ್ಲಿ ಪಾಸ್‌ಪೋರ್ಟಿಗೆ ಕಾಗದದ ಫೋಟೊವೇ ಇಲ್ಲ. ಕಚೇರಿಯಲ್ಲೇ ತೆಗೆಸಬೇಕು, ಇಲ್ಲವೇ ನೋಂದಾಯಿತ ಛಾಯಾಗ್ರಾಹಕರು ಭದ್ರ ಮಾರ್ಗದಲ್ಲಿ ಡಿಜಿಟಲ್ ಆಗಿ ಕಳಿಸಬೇಕು. ಕಾರಣ, ಇಬ್ಬರ ಮುಖ ಬೆಸೆದು ಒಂದು ಮಾಡುವ ಮೋಸ. ಇಟಲಿಯ ಬೊಲೋನ್ಯ ವಿಶ್ವವಿದ್ಯಾಲಯದವರು 2014ರಲ್ಲೇ ತೋರಿಸಿದ್ದರು: ಹೀಗೆ ಬೆರೆಸಿದ ಒಂದು ಮುಖ ಇಬ್ಬರಿಗೂ ಹೊಂದುತ್ತದೆ, ಒಂದೇ ಪಾಸ್‌ಪೋರ್ಟಿನಲ್ಲಿ ಇಬ್ಬರು ಗಡಿ ದಾಟಬಹುದು. 2018ರಲ್ಲಿ ಜರ್ಮನಿಯ ‘ಪೆಂಗ್’ ಎಂಬ ಕಲಾವಿದರ ಗುಂಪು ಯುರೋಪಿನ ಆಗಿನ ವಿದೇಶಾಂಗ ಮುಖ್ಯಸ್ಥೆ ಫೆಡೆರಿಕಾ ಮೊಗೆರಿನಿಯ ಮುಖವನ್ನು ತಮ್ಮವರೊಬ್ಬರ ಮುಖಕ್ಕೆ ಬೆಸೆದು ಅಸಲಿ ಪಾಸ್‌ಪೋರ್ಟನ್ನೇ ಪಡೆದು ತೋರಿಸಿತು. ಅಂಟಿಸಿದ ಫೋಟೊ ಕಿತ್ತು ಬೇರೆಯದನ್ನು ಅಂಟಿಸುತ್ತಿದ್ದ ಹಳೆಯ ಕೈಬರಹದ ಪಾಸ್‌ಪೋರ್ಟ್ ಕಾಲದ ಮೋಸದ ಮುಂದುವರಿಕೆ ಇದು. ಯಂತ್ರ ಓದಲಾಗದ ಅಂಥ ಪುಸ್ತಕಗಳಿಗೆ 2015ರ ನವೆಂಬರ್ 24 ಕೊನೆಯ ಗಡುವಾಗಿತ್ತು.

ನಮ್ಮ ದೇಶವೂ ಸದ್ದಿಲ್ಲದೆ ಕಚೇರಿ ಕ್ಯಾಮೆರಾದ ಕಡೆಗೇ ವಾಲುತ್ತಿದೆ. 2024ರಿಂದ ಬರುತ್ತಿರುವ ಇ-ಪಾಸ್‌ಪೋರ್ಟಿನ ಚಿಪ್ಪಿನಲ್ಲಿ ಮುಖದ ಚಿತ್ರವೇ ಇರುತ್ತದೆ, ಅದು ಕೌಂಟರಿನಲ್ಲಿ ತೆಗೆದದ್ದು. ಸಿಬ್ಬಂದಿ ಆಯ್ಕೆ ಆಯೋಗದ ಪರೀಕ್ಷೆಗಳಿಗೆ 20ರಿಂದ 50 ಕಿಲೋಬೈಟಿಗೆ ಫೋಟೊ ಇಳಿಸಿಕೊಡಲು ಸೈಬರ್ ಸೆಂಟರ್ ಮುಂದೆ ಸಾಲು ನಿಲ್ಲುತ್ತಿದ್ದ ಕಾಲ ಹೋಯಿತು. 2024ರಿಂದ ಅರ್ಜಿ ತುಂಬುವಾಗಲೇ ಎದುರಿನ ಕ್ಯಾಮೆರಾಗೆ ಮುಖ ತೋರಿಸಬೇಕು, ಮೊದಲೇ ತೆಗೆದಿಟ್ಟದ್ದು ನಡೆಯುವುದಿಲ್ಲ. ಪಿಎಂ ಕಿಸಾನ್ ಆ್ಯಪಿನಲ್ಲಿ 2023ರಿಂದ ರೈತ ಮುಖ ತೋರಿಸಿಯೇ ಇ-ಕೆವೈಸಿ ಮುಗಿಸಬಹುದು. ಇಲ್ಲೂ ಅದೇ ಬೆಳಕಿನ ಲೆಕ್ಕ: ಬಾಗಿಲಿಗೆ ಬೆನ್ನು ಮಾಡಿ ಕೂತವನ ಮುಖ ಸಿಗುವುದಿಲ್ಲ, ತಿರುಗಿ ಕೂತರೆ ಸಿಗುತ್ತದೆ.

ಮನೆಯಲ್ಲಿ ತೆಗೆಯುವುದೇ ಎಲ್ಲಕ್ಕಿಂತ ಮೇಲು ಎನ್ನಬಹುದಾದ ಒಂದು ಸಂದರ್ಭವಿದೆ, ಕೂಸಿನ ಫೋಟೊ. ಮೂರು ತಿಂಗಳ ಮಗುವನ್ನು ಸ್ಟುಡಿಯೊ ದೀಪದ ಕೆಳಗೆ ಎತ್ತಿ ಹಿಡಿದು, ಹಿಡಿದ ಕೈ ಕಾಣದಂತೆ ಕಸರತ್ತು ಮಾಡುವುದಕ್ಕಿಂತ ಮನೆಯಲ್ಲಿ ಚಾಪೆಯ ಮೇಲೆ ಅದೇ ಬಿಳಿ ಪಂಚೆ ಹಾಸಿ ಮಲಗಿಸಿ ಮೇಲಿನಿಂದ ತೆಗೆಯುವುದು ಸುಲಭ. ಅಮೆರಿಕದ ಮಾರ್ಗದರ್ಶಿಯೂ ಬಿಳಿ ಹೊದಿಕೆಯ ಮೇಲೆ ಮಲಗಿಸಲು ಹೇಳುತ್ತದೆ. ಬ್ರಿಟನ್ ಒಂದು ವರ್ಷದೊಳಗಿನ ಕೂಸು ಕಣ್ಣು ಬಿಡದಿದ್ದರೂ ಒಪ್ಪುತ್ತದೆ, ಆದರೆ ಬಾಯಲ್ಲಿ ನಿಪ್ಪಲ್ ಇರಬಾರದು. ನಮ್ಮಲ್ಲಿ ಮೊದಲು ಮಾಡಬೇಕಾದದ್ದು ಕೆನ್ನೆಯ ದೃಷ್ಟಿ ಬೊಟ್ಟು ಒರೆಸುವುದು. ಅಜ್ಜಿ ಒಪ್ಪುವುದಿಲ್ಲ, ಅಂಗಾಲಿಗೆ ಇಟ್ಟರೆ ಸಾಲದೆ ಎಂದು ಕೇಳಿ ಒಪ್ಪಿಸಬೇಕು. ಒರೆಸದಿದ್ದರೆ ಅದು ಹುಟ್ಟು ಮಚ್ಚೆಯಾಗಿ ಕಾಗದಕ್ಕೆ ಏರುತ್ತದೆ, ಮಗುವಿನ ಪಾಸ್‌ಪೋರ್ಟ್ ಐದು ವರ್ಷ ನಡೆಯುತ್ತದೆ. ತೆಗೆಯುವವರ ತಲೆಯ ನೆರಳು ಮುಖಕ್ಕೆ ಬೀಳದಂತೆ ಕಿಟಕಿಯ ಎದುರು ಬದಿಯಲ್ಲಿ ನಿಲ್ಲಬೇಕು, ಟೋಪಿ, ಕುಲಾವಿ ತೆಗೆಯಬೇಕು. ಹಾಲು ಕುಡಿದು ತೇಗಿದ ಮೇಲೆ, ನಿದ್ದೆಗೆ ಮುಂಚಿನ ಹೊತ್ತು ವಾಸಿ. ಗಿಲಕಿ ಆಡಿಸುವವರು ಫೋನಿನ ಹಿಂದೆಯೇ ಆಡಿಸಬೇಕು, ಪಕ್ಕದಲ್ಲಿ ಆಡಿಸಿದರೆ ಕಣ್ಣು ಅತ್ತ ಹೋಗುತ್ತದೆ.